ಆನ್‌ಲೈನ್ ಪಿಯೋನಿ ಗೆಡ್ಡೆ: ಚಿಕ್ಕಮಗಳೂರಿನ ಚಳಿ ಇದಕ್ಕೆ ಸಾಲುತ್ತಾ?

ತೀರ್ಪು ಮೊದಲೇ ಹೇಳಿಬಿಡೋಣ. ಅಂಗಳದ ಮಣ್ಣಿಗೆ ಹಾಕಿ, ವರ್ಷಾ ವರ್ಷ ಹೂ ಕೊಯ್ಯುವ ಆಸೆಯಿದ್ದರೆ ಪಿಯೋನಿ ಅನ್ನುವ ಈ ಚಳಿ ದೇಶದ ಮುದ್ದೆ ಹೂವಿನ ಗೆಡ್ಡೆಗೆ ದುಡ್ಡು ಹಾಕಬೇಡಿ. ಫ್ರಿಡ್ಜಿನ ಒಂದು ಶೆಲ್ಫಿನ ಮೂಲೆಯನ್ನು ವರ್ಷಕ್ಕೆ ಎರಡು ತಿಂಗಳು ಬಿಟ್ಟುಕೊಡಲು ಮನೆಯವರು ಒಪ್ಪುತ್ತಾರೆ ಅಂತಾದರೆ ಮಾತ್ರ ಒಂದೇ ಒಂದು ಗೆಡ್ಡೆ ತರಿಸಿ ನೋಡಬಹುದು. ನಮ್ಮ ಲೆಕ್ಕದಲ್ಲಿ 5ಕ್ಕೆ 2 ಅಂಕ. ಆ ಎರಡೂ ಗೆಡ್ಡೆಗೆ ಸಂದದ್ದು. ಪ್ಯಾಕೆಟ್ ಮೇಲೆ ಬರೆದ ಮಾತಿಗೆ ಸೊನ್ನೆ.

ಸರಕು ಏನು ಅಂತ ನೋಡಿ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಆನ್‌ಲೈನಿನಲ್ಲಿ ಸಿಗುವ ಪ್ಯಾಕೆಟ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ತೂತು ಹೊಡೆದ ಪ್ಲಾಸ್ಟಿಕ್ ಚೀಲ, ಒಳಗೊಂದು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದರ ನಡುವೆ ಮಣ್ಣು ತೊಳೆದ ಬೇರಿನ ಗಂಟು. ನೋಡಲು ಶತಾವರಿ ಬೇರಿನ ಗೊಂಚಲಿನ ಹಾಗೆ, ಅದಕ್ಕಿಂತ ದಪ್ಪ, ಸಿಪ್ಪೆ ಕಂದು. ಗಂಟಿನ ನೆತ್ತಿಯಲ್ಲಿ ಮಲ್ಲಿಗೆ ಮೊಗ್ಗಿನ ಆಕಾರದ, ಕೆಂಪು ಬಣ್ಣದ ಚೂಪು ಕಣ್ಣುಗಳು. ನೀವು ದುಡ್ಡು ಕೊಡುವುದು ಈ ಕಣ್ಣುಗಳಿಗೆ. 3ರಿಂದ 5 ಕಣ್ಣಿದ್ದರೆ ಒಳ್ಳೆಯ ಗೆಡ್ಡೆ. ಹಾಸನದ ಕಡೆಯವರು ಆಲೂಗೆಡ್ಡೆಯನ್ನು ಒಂದೊಂದು ಕಣ್ಣಿಗೆ ಕೊಯ್ದು ಬಿತ್ತಿ ಮೂರೇ ತಿಂಗಳಿಗೆ ಬೆಳೆ ತೆಗೆಯುತ್ತಾರೆ; ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಕಣ್ಣಿನ ಪಿಯೋನಿ ತುಂಡು ಹೂ ಬಿಡುವಷ್ಟು ಬಲಿಯಲು ತನ್ನ ತವರಿನ ಹವೆಯಲ್ಲೇ ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಪ್ಯಾಕೆಟ್ ಬಂದ ದಿನವೇ ಬಿಚ್ಚಿ ನೋಡಿ, ನಾಳೆ ಅನ್ನಬೇಡಿ. ಬೇರನ್ನು ಹೆಬ್ಬೆರಳಿನಿಂದ ಒತ್ತಿದರೆ ಹಸಿ ಗೆಣಸಿನಷ್ಟು ಗಟ್ಟಿ ಇರಬೇಕು. ಒತ್ತಿದಲ್ಲಿ ಮೆತ್ತಗೆ ಇಳಿದು ನೀರು ಒಸರಿದರೆ, ಕೊಳೆತ ಆಲೂಗೆಡ್ಡೆಯ ವಾಸನೆ ಬಂದರೆ ಅದು ಸತ್ತ ಸರಕು. ಮೇಲೆ ಬಿಳಿ ಬೂಸು ತೆಳ್ಳಗೆ ಕೂತಿದ್ದರೆ ಗಾಬರಿ ಬೇಡ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತುದಿ ಬೇರು ಮುರಿದಿದ್ದರೂ ಚಿಂತೆಯಿಲ್ಲ, ಹರಿತವಾದ ಚಾಕುವಿನಲ್ಲಿ ಓರೆಯಾಗಿ ಕೊಯ್ದುಬಿಡಿ. ಆದರೆ ಬೇರಿನ ಮೇಲೆ ಸಾಸಿವೆಯಿಂದ ಕಡಲೆಯ ಗಾತ್ರದ ಗಂಟುಗಳು ಕಂಡರೆ ಗೆಡ್ಡೆಯನ್ನು ತೋಟದೊಳಕ್ಕೆ ಬಿಡಬೇಡಿ. ಅದು ಗಂಟು ಬೇರಿನ ಜಂತುಹುಳು. ಕಾಳುಮೆಣಸು ಬೆಳೆಯುವವರಿಗೆ ಇದರ ಕಾಟ ಏನು ಅಂತ ಹೇಳಿಕೊಡಬೇಕಾಗಿಲ್ಲ. ಇನ್ನೊಂದು, ಕಣ್ಣು ಆಗಲೇ ನಾಲ್ಕೈದು ಇಂಚಿನ ಬಿಳಿಚಿದ ಚಿಗುರಾಗಿ ಬೆಳೆದಿದ್ದರೆ ಗೆಡ್ಡೆ ಬೆಚ್ಚಗಿನ ಗೋದಾಮಿನಲ್ಲಿ ಕೂತು ತನ್ನ ಕೂಡಿಟ್ಟ ಶಕ್ತಿ ಖರ್ಚು ಮಾಡಿಕೊಂಡಿದೆ ಅಂತ ಅರ್ಥ. ಫೆಬ್ರವರಿಯಲ್ಲಿ ಅರ್ಧ ಬೆಲೆಗೆ ಮಾರುವವು ಬಹುಪಾಲು ಇಂಥವೇ.

ಇನ್ನು ನಿಜವಾದ ತಕರಾರು. ಪ್ಯಾಕೆಟ್ಟಿನ ಹಿಂದೆ ‘ಎಲ್ಲ ಹವಾಗುಣಕ್ಕೂ ಸೂಕ್ತ, ಸುಲಭ’ ಅಂತ ಬರೆದಿರುತ್ತದೆ. ಸುಲಭ ಅನ್ನುವುದು ನಿಜವೇ, ಆದರೆ ಹಿಮ ಬೀಳುವ ಊರಿನಲ್ಲಿ. ಮಾರುಕಟ್ಟೆಗೆ ಬರುವ ಹೆಚ್ಚಿನ ತಳಿಗಳ ಮೂಲ ಪಿಯೋನಿಯಾ ಲ್ಯಾಕ್ಟಿಫ್ಲೋರಾ. ಚೀನಾ, ಮಂಗೋಲಿಯಾ, ಸೈಬೀರಿಯಾ ಕಡೆಯ ಗಿಡ. ಚಳಿಗಾಲದಲ್ಲಿ ಮೇಲಿನ ದಂಟೆಲ್ಲ ಒಣಗಿ, ನೆಲದೊಳಗಿನ ಕಣ್ಣು ಮಲಗುತ್ತದೆ. ಆ ನಿದ್ದೆ ಹರಿಯಬೇಕಾದರೆ ಸುಮಾರು 5 ಡಿಗ್ರಿಗಿಂತ ಕೆಳಗಿನ ಚಳಿ, ತಳಿಗೆ ತಕ್ಕಂತೆ 500ರಿಂದ 1,000 ಗಂಟೆ ತಾಗಬೇಕು. ಚಿಕ್ಕಮಗಳೂರಿನಲ್ಲಿ ಮಾಗಿಯ ಬೆಳಗಿನ ಜಾವ ಸಾಮಾನ್ಯವಾಗಿ 13ರಿಂದ 15 ಡಿಗ್ರಿ, ಯಾವಾಗಲೋ ಒಮ್ಮೆ 10ರ ಹತ್ತಿರ. ಹತ್ತು ಗಂಟೆಗೆ ಬಿಸಿಲು ಬಿದ್ದರೆ ಅಷ್ಟೂ ಹೋಯಿತು. ನಮಗೆ ಶಾಲು ಹೊದೆಸುವ ಚಳಿ ಪಿಯೋನಿಯ ಲೆಕ್ಕಕ್ಕೇ ಬರುವುದಿಲ್ಲ. ಹಾಸನ, ಸಕಲೇಶಪುರದ ಕಥೆಯೂ ಅಷ್ಟೆ. ‘ನಮ್ಮದು ಗುಡ್ಡದ ಮೇಲಿನ ಎಸ್ಟೇಟು’ ಅನ್ನುವವರಿಗೂ ಉತ್ತರ ಬದಲಾಗುವುದಿಲ್ಲ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಗುಲಾಬಿ ಚೆನ್ನಾಗಿ ಬರುತ್ತದೆ, ಆದರೆ ವಾರಗಟ್ಟಲೆ 5 ಡಿಗ್ರಿ ಅಲ್ಲೂ ಇಲ್ಲ.

ಚಳಿ ಸಾಲದಿದ್ದರೆ ಗಿಡ ಒಮ್ಮೆಗೇ ಸಾಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಮೊದಲ ವರ್ಷ, ಹುಟ್ಟಿದೂರಿನಲ್ಲಿ ಅಥವಾ ಕೋಲ್ಡ್ ಸ್ಟೋರೇಜಿನಲ್ಲಿ ಉಂಡ ಚಳಿಯ ಬಲದಲ್ಲಿ ಒಂದೆರಡು ಕೆಂಪು ಚಿಗುರು ಬರುತ್ತದೆ, ಎಲೆ ಬಿಚ್ಚುತ್ತದೆ. ಮಾಲೀಕರಿಗೆ ಖುಷಿ. ಮರುವರ್ಷ ಎಲೆ ಗಿಡ್ಡ, ಮೊಗ್ಗು ಇಲ್ಲ. ಮೂರನೇ ವರ್ಷ ಪಾತಿ ಖಾಲಿ. ಅಷ್ಟರಲ್ಲಿ ಗೊಬ್ಬರ ಕಡಿಮೆಯಾಯಿತೋ, ನೀರು ಹೆಚ್ಚಾಯಿತೋ, ದೃಷ್ಟಿ ತಾಗಿತೋ ಅಂತ ಹತ್ತು ಕಾರಣ ಹುಡುಕಿ ಆಗಿರುತ್ತದೆ. ಕಾರಣ ಒಂದೇ, ಚಳಿಯ ಗಂಟೆಗಳು. ಕೆಲವು ಮಾರಾಟಗಾರರು ‘ವಾರಕ್ಕೆರಡು ಸಲ ಕುಂಡದ ಮೇಲೆ ಐಸ್ ಕ್ಯೂಬ್ ಸುರಿಯಿರಿ’ ಅನ್ನುತ್ತಾರೆ. ಐಸು ಗಂಟೆಯೊಳಗೆ ಕರಗಿ, ಮಣ್ಣು ಮತ್ತೆ 20 ಡಿಗ್ರಿಗೆ ಬಂದು ನಿಲ್ಲುತ್ತದೆ. 500 ಗಂಟೆ ತುಂಬಿಸಲು ಎಷ್ಟು ಟ್ರೇ ಬೇಕು ಲೆಕ್ಕ ಹಾಕಿ ನೋಡಿ, ನಗು ಬರುತ್ತದೆ.

ಹಾಗಾಗಿ ದಾರಿ ಫ್ರಿಡ್ಜ್ ಒಂದೇ. ಹಾಸನದ ಆಲೂಗೆಡ್ಡೆ ರೈತರು ಜಲಂಧರ್ ಬಿತ್ತನೆ ಗೆಡ್ಡೆಯನ್ನು ಕೋಲ್ಡ್ ಸ್ಟೋರೇಜಿನಿಂದ ತಂದು ಬಿತ್ತುವುದು ಇಲ್ಲಿ ಯಾರಿಗೂ ಹೊಸದಲ್ಲ. ಆ ಕೆಲಸವನ್ನೇ ಮನೆಯ ಅಳತೆಗೆ ಇಳಿಸಿದರಾಯಿತು. ಕೊಳ್ಳುವ ಮುಂಚೆ ಮಾರಾಟಗಾರರಿಗೆ ಒಂದು ಪ್ರಶ್ನೆ ಹಾಕಿ: ಗೆಡ್ಡೆ ಎಷ್ಟು ವಾರ, ಎಷ್ಟು ಡಿಗ್ರಿಯಲ್ಲಿತ್ತು? ಉತ್ತರ ಸಿಕ್ಕದಿದ್ದರೆ ಚಳಿಯೇ ತಾಗಿಲ್ಲ ಅಂತ ಭಾವಿಸಿ ಪೂರ್ತಿ 8 ವಾರ ಇಡಿ. 8 ವಾರ ಅಂದರೆ 1,344 ಗಂಟೆ, ಯಾವ ತಳಿಗೂ ಧಾರಾಳ.

ಗೆಡ್ಡೆಯನ್ನು ತೊಳೆದು, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಒಂದು ದಿನ ನೆರಳಿನಲ್ಲಿ ಆರಲು ಬಿಡಿ. ಕೋಕೋಪೀಟನ್ನು ನೆನೆಸಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡಿದಾಗ ಹನಿ ಬೀಳಬಾರದು, ಕೈ ಬಿಚ್ಚಿದರೆ ಉಂಡೆ ಮಾತ್ರ ನಿಲ್ಲಬೇಕು. ಅದರೊಳಗೆ ಗೆಡ್ಡೆ ಹುದುಗಿಸಿ, ಏಳೆಂಟು ತೂತು ಮಾಡಿದ ಚೀಲಕ್ಕೆ ಹಾಕಿ. ಇಡುವ ಜಾಗದಲ್ಲೇ ಹೆಚ್ಚಿನವರು ಎಡವುವುದು. ಬಾಗಿಲಿನ ಗೂಡಿನಲ್ಲಿ ಚಳಿ ಸಾಲದು. ತರಕಾರಿ ಡಬ್ಬಿಯೂ ಎಷ್ಟೋ ಫ್ರಿಡ್ಜಿನಲ್ಲಿ 7–8 ಡಿಗ್ರಿಯಲ್ಲೇ ಇರುತ್ತದೆ. ಡಬ್ಬಿಯ ಮೇಲಿನ ಶೆಲ್ಫಿನ ಹಿಂಭಾಗ ಸರಿಯಾದ ಜಾಗ. ಗೋಡೆಗೆ ಮಾತ್ರ ತಾಗಿಸಬೇಡಿ, ಕಣ್ಣು ಹೆಪ್ಪುಗಟ್ಟುತ್ತದೆ. ಅಗ್ಗದ ಥರ್ಮಾಮೀಟರ್ ಒಂದನ್ನು ಪಕ್ಕಕ್ಕಿಟ್ಟು 2ರಿಂದ 4 ಡಿಗ್ರಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಅದೇ ಫ್ರಿಡ್ಜಿನಲ್ಲಿ ಸೇಬು, ಮಾಗಿದ ಸಪೋಟ, ಪಪಾಯಿ ಇಡುವ ಹಾಗಿಲ್ಲ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಹೂಮೊಗ್ಗು ಕೆಡುತ್ತದೆ. ಹದಿನೈದು ದಿನಕ್ಕೊಮ್ಮೆ ಚೀಲ ಬಿಚ್ಚಿ ನೋಡಿ. ಈಗಿನ ಫ್ರಾಸ್ಟ್ ಫ್ರೀ ಫ್ರಿಡ್ಜುಗಳು ತೇವ ಹೀರುತ್ತವೆ, ಒಣಗಿದ್ದರೆ ನಾಲ್ಕು ಚಮಚ ನೀರು ಚಿಮುಕಿಸಿ. ಕರೆಂಟು ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಬಾಗಿಲು ತೆಗೆಯದಿದ್ದರೆ ನಾಲ್ಕೈದು ಗಂಟೆ ಏನೂ ಆಗುವುದಿಲ್ಲ, ಹೋದ ಗಂಟೆಯನ್ನು ಕೊನೆಗೆ ಸೇರಿಸಿದರೆ ಮುಗಿಯಿತು.

ದಿನ ಲೆಕ್ಕ ಹಾಕುವುದು ಹೂವಿನಿಂದ ಹಿಂದಕ್ಕೆ. ಹಗಲು 30 ಡಿಗ್ರಿ ದಾಟಿದರೆ ಮೊಗ್ಗು ಬಟಾಣಿ ಗಾತ್ರದಲ್ಲೇ ಒಣಗಿ ಉದುರುತ್ತದೆ. ನಮ್ಮಲ್ಲಿ ಆ ಬಿಸಿ ಮಾರ್ಚ್ ನಡುವಿಗೇ ಶುರು. ಹೊರಗೆ ತೆಗೆದು ನೆಟ್ಟ ಮೇಲೆ ಹೂವಿಗೆ 8–9 ವಾರ ಬೇಕು. ಅಂದರೆ ಜನವರಿ ಮೊದಲ ವಾರದೊಳಗೆ ಕುಂಡ ಸೇರಬೇಕು. ನವೆಂಬರ್ ಮೊದಲ ವಾರದೊಳಗೆ ಗೆಡ್ಡೆ ಫ್ರಿಡ್ಜಿನಲ್ಲಿರಬೇಕು. ಡಿಸೆಂಬರ್ ಕೊನೆಗೆ ತಲುಪಿಸುತ್ತೇವೆ ಅನ್ನುವವರಿಂದ ಕೊಳ್ಳುವುದು ವ್ಯರ್ಥ.

ಕುಂಡ 14–16 ಇಂಚು ಅಗಲ, ಅಷ್ಟೇ ಆಳ, ತಳದಲ್ಲಿ ದೊಡ್ಡ ತೂತು. ಎರಡು ಪಾಲು ತೋಟದ ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಕಾಫಿ ತೋಟದ ಮಣ್ಣು ಹುಳಿ, ಪಿಯೋನಿಗೆ ಬೇಕಾದ್ದು 6.5ರಿಂದ 7ರ ಪಿಎಚ್. ಕುಂಡಕ್ಕೆ ಒಂದು ದೊಡ್ಡ ಚಮಚ ಕೃಷಿ ಸುಣ್ಣ ಮಣ್ಣಿಗೆ ಕಲಸಿ, ನೆಡುವ ಹದಿನೈದು ದಿನ ಮುಂಚೆಯೇ ನೀರು ಹಾಕಿ ಇಟ್ಟುಬಿಡಿ. ಹಸಿ ಸಗಣಿ ಬೇಡವೇ ಬೇಡ. ಗೊಬ್ಬರ ಕೆಳಗಿರಲಿ, ಕಣ್ಣಿಗೆ ತಾಗುವಲ್ಲಿ ಬರೀ ಮಣ್ಣು ಮರಳು.

ಆಳದ ವಿಷಯ ಗಮನವಿಟ್ಟು ಓದಿ, ಚಳಿ ಸರಿಯಾಗಿ ಕೊಟ್ಟ ಮೇಲೂ ಹೂ ಬರದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ. ಚಳಿ ದೇಶದ ಪುಸ್ತಕಗಳಲ್ಲಿ ಕಣ್ಣು ಎರಡು ಇಂಚು ಕೆಳಗಿರಲಿ ಅಂತ ಇರುತ್ತದೆ. ಅದು ಹೆಪ್ಪುಗಟ್ಟುವ ನೆಲಕ್ಕೆ. ಬೆಚ್ಚಗಿನ ಊರಿನಲ್ಲಿ ಕಣ್ಣಿನ ತುದಿಯ ಮೇಲೆ 2 ಸೆಂಟಿಮೀಟರ್ ಮಣ್ಣು ಸಾಕು, ಕಿರುಬೆರಳಿನ ಮೊದಲ ಗೆಣ್ಣಿನಷ್ಟು. ಕುಂಡದ ಬಾಯಿಗೆ ಅಡ್ಡ ಕಡ್ಡಿ ಇಟ್ಟು ಅಳೆಯಿರಿ. ನೀರು ಹಾಕಿದ ಮೇಲೆ ಮಣ್ಣು ಇಳಿಯುತ್ತದೆ, ಗೆಡ್ಡೆಯೂ ಅದರ ಜೊತೆ ಇಳಿಯುತ್ತದೆ. ಮರುದಿನ ಮತ್ತೆ ಬೆರಳಿಟ್ಟು ನೋಡಿ ಸರಿ ಮಾಡಿ. ನಾಲ್ಕು ಇಂಚು ಹೂತ ಗೆಡ್ಡೆ ವರ್ಷಗಟ್ಟಲೆ ಬರೀ ಸೊಪ್ಪು ಕೊಡುತ್ತದೆ.

ಬಿಸಿಲು ಬೆಳಗಿನದು ಐದಾರು ಗಂಟೆ, ಮಧ್ಯಾಹ್ನ ಸಿಲ್ವರ್ ಓಕಿನ ತೆಳು ನೆರಳು. ಚಿಗುರು ಕಾಣುವವರೆಗೆ ನೀರು ಕಡಿಮೆ. ಆಮೇಲೆ ಮೇಲ್ಮಣ್ಣು ಒಂದು ಇಂಚು ಒಣಗಿದಾಗಲೆಲ್ಲ ತುಂಬ ಕೊಡಿ. ಕಾಫಿಗೆ ತಂದು ಉಳಿದ ಯೂರಿಯಾ ಇದೆಯಲ್ಲ ಅಂತ ಒಂದು ಹಿಡಿ ಎಸೆಯಬೇಡಿ, ದಂಟು ಉದ್ದಕ್ಕೆ ಬೆಳೆದು ಮಲಗುತ್ತದೆ, ಮೊಗ್ಗು ಬರುವುದಿಲ್ಲ. ಒಂದು ಮುಷ್ಟಿ ಎಲುಬಿನ ಪುಡಿ ಸಾಕು. ಮೊಗ್ಗಿಗೆ ಇರುವೆ ಮುತ್ತುತ್ತವೆ, ಸಿಹಿ ಅಂಟಿಗಾಗಿ. ಅವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚಗಳಿ ಇರುವೆಯಾದರೆ ಕೊಯ್ಯುವವರ ಕೈಗೆ ನಷ್ಟ.

ಮೊದಲ ವರ್ಷವೇ ಹೂ ಬಂದೀತು ಅಂತ ನೆಚ್ಚಬೇಡಿ. ಸಣ್ಣ ಮೊಗ್ಗೊಂದು ಬಂದರೆ ಅದನ್ನು ಚಿವುಟಿ, ಶಕ್ತಿ ಬೇರಿಗೆ ಇಳಿಯಲು ಬಿಡುವುದು ಜಾಣತನ. ಮನಸ್ಸು ಒಪ್ಪುವುದಿಲ್ಲ, ಗೊತ್ತು.

ಮಲೆನಾಡಿನಲ್ಲಿ ಚಳಿಯ ಕೊರತೆಯಷ್ಟೇ ದೊಡ್ಡ ಶತ್ರು ಮಳೆ. ಮೂಡಿಗೆರೆ, ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ, ಪುಷ್ಯ, ಆಶ್ಲೇಷದ ಹೊತ್ತಿಗೆ ಅಂಗಳದಲ್ಲಿ ಬಿಟ್ಟ ಪಿಯೋನಿ ಗೆಡ್ಡೆ ಉಳಿಯುವುದು ಕಷ್ಟ. ಎಲೆ ಮಾತ್ರ ಸೆಪ್ಟೆಂಬರಿನವರೆಗೆ ಹಸಿರಾಗಿರಬೇಕು, ಮುಂದಿನ ವರ್ಷದ ಕಣ್ಣಿಗೆ ಅದೇ ಊಟ. ಹಾಗಾಗಿ ಮುಂಗಾರಿಗೆ ಮುನ್ನ ಕುಂಡವನ್ನು ಸೂರಿನಡಿಗೆ ತನ್ನಿ. ಬೆಳಕು ಬೀಳಬೇಕು, ಹನಿ ಬೀಳಬಾರದು, ಗಾಳಿಯಾಡಬೇಕು. ಇಷ್ಟಾದರೂ ಬೊಟ್ರೈಟಿಸ್ ಅನ್ನುವ ಬೂದು ಬೂಸು ಬರಬಹುದು. ಗುರುತು ಸುಲಭ: ದಂಟಿನ ಬುಡ ಕಪ್ಪಾಗಿ ಚಿಗುರು ಇದ್ದಕ್ಕಿದ್ದಂತೆ ಬಾಗುತ್ತದೆ, ಮೊಗ್ಗು ಕಂದಾಗಿ ಮೇಲೆ ಬೂದು ಧೂಳು ಕೂರುತ್ತದೆ. ಕಪ್ಪಾದ ಭಾಗ ಪೂರ್ತಿ ಹೋಗುವ ಹಾಗೆ ಕತ್ತರಿಸಿ ಸುಟ್ಟುಬಿಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವನ್ನೇ, ಅಂದರೆ 100 ಲೀಟರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಲೆಕ್ಕದ್ದು, ಚಿಗುರು ಮಣ್ಣು ಸೀಳಿ ಬರುವ ಹೊತ್ತಿಗೆ ಬುಡಕ್ಕೆ ಸಿಂಪಡಿಸಬಹುದು. ಅದೇ ದಿನ ತಯಾರಿಸಿದ್ದಾಗಿರಬೇಕು, ನಿನ್ನೆಯದು ಬೇಡ.

ಅಕ್ಟೋಬರಿನಲ್ಲಿ ನೀರು ನಿಲ್ಲಿಸಿ, ದಂಟು ಬುಡಕ್ಕೆ ಕೊಯ್ದು, ಗೆಡ್ಡೆ ಎಬ್ಬಿಸಿ, ಮತ್ತೆ ಫ್ರಿಡ್ಜ್. ಪ್ರತಿ ವರ್ಷ ಇದೇ. ಪಿಯೋನಿ ಒಂದೇ ಜಾಗದಲ್ಲಿ ಐವತ್ತು ವರ್ಷ ಬದುಕುವ ಗಿಡ, ಬೇರು ಅಲ್ಲಾಡಿಸುವುದು ಅದಕ್ಕೆ ಸೇರುವುದಿಲ್ಲ. ವರ್ಷಕ್ಕೊಮ್ಮೆ ಕಿತ್ತಾಗ ಊಟ ಹೀರುವ ಸಣ್ಣ ಬೇರೆಲ್ಲ ಹರಿದು, ಗೆಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಕುಂಡವನ್ನೇ ಇಡೀ ಒಳಗಿಡುವಂಥ ಹಳೇ ಫ್ರಿಡ್ಜ್ ಒಂದು ಬೇರೆಯೇ ಇದ್ದರೆ ಈ ತಾಪತ್ರಯ ತಪ್ಪುತ್ತದೆ; ಒಂದು ಹೂವಿಗೆ ಎರಡು ತಿಂಗಳ ಕರೆಂಟ್ ಬಿಲ್ಲು ಕಟ್ಟುವುದು ಅವರವರ ಭಕ್ತಿ.

ತಳಿ ಆರಿಸುವಾಗ ಬೇಗ ಅರಳುವ, ಎಸಳು ಕಡಿಮೆ ಇರುವವನ್ನು ನೋಡಿ. ಬಿಸಿಲು ಏರುವ ಮುಂಚೆ ಬಿಚ್ಚಿಕೊಳ್ಳುತ್ತವೆ. ಎಲ್ಲ ಕಡೆ ಸಿಗುವ ‘ಸಾರಾ ಬರ್ನ್‌ಹಾರ್ಟ್’ 1906ರ ಫ್ರೆಂಚ್ ತಳಿ, ತಿಳಿಗುಲಾಬಿ, ಚೆಂದವೇ. ಆದರೆ ತಡವಾಗಿ ಅರಳುವ, ಎಸಳು ದಟ್ಟವಾದ ಮುದ್ದೆ ಹೂ, ನಮ್ಮ ಮಾರ್ಚಿಗೆ ಅದರ ಮೊಗ್ಗು ಬಿಚ್ಚುವುದೇ ಇಲ್ಲ. 1851ರ ‘ಫೆಸ್ಟಿವಾ ಮ್ಯಾಕ್ಸಿಮಾ’, ಬಿಳಿಯ ನಡುವೆ ಕೆಂಪು ಚುಕ್ಕಿಯದು, ಬಿಸಿಯನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತದೆ. 1964ರ ‘ಕೋರಲ್ ಚಾರ್ಮ್’ ಬೇಗ ಅರಳುವುದು, ಎಸಳೂ ಮಿತ. ಒಂದನ್ನೇ ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಬೀಜದ ಪ್ಯಾಕೆಟ್ಟಿನ ತಂಟೆಗೆ ಹೋಗಲೇಬೇಡಿ. ಪಿಯೋನಿ ಬೀಜ ಮೊದಲು ಬಿಸಿಗೆ ಬೇರು ಬಿಟ್ಟು, ಆಮೇಲೆ ಚಳಿ ಉಂಡು ಚಿಗುರಬೇಕು. ಹೂವಿಗೆ ಇನ್ನೂ ನಾಲ್ಕೈದು ವರ್ಷ, ಅದೂ ಚಿತ್ರದಲ್ಲಿರುವ ಹೂವೇ ಬರುತ್ತದೆ ಅಂತಿಲ್ಲ. ನೀಲಿ ಪಿಯೋನಿಯ ಫೋಟೊ ಹಾಕಿದ್ದರೆ ಅದು ಕಂಪ್ಯೂಟರಿನ ಬಣ್ಣ, ಅಂಥ ಗಿಡವೇ ಇಲ್ಲ. ‘ಪಿಯೋನಿ ಪಾಪಿ’ ಅಂತ ಮಾರುವುದು ಇನ್ನೂ ಅಪಾಯ: ಅದು ಪಿಯೋನಿ ಅಲ್ಲ, ಅಫೀಮಿನ ಗಸಗಸೆ ಗಿಡ. 1985ರ ಮಾದಕವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಪರವಾನಗಿ ಇಲ್ಲದೆ ಬೆಳೆದರೆ ಅಪರಾಧ. ಪಾಯಸಕ್ಕೆ ಅರೆಯುವುದು ಬೇರೆ, ಹಿತ್ತಿಲಲ್ಲಿ ಬಿತ್ತುವುದು ಬೇರೆ. ಇನ್ನು ‘ಹಾಲೆಂಡಿನಿಂದ ನೇರ ನಿಮ್ಮ ಮನೆಗೆ’ ಅನ್ನುವ ಪಾರ್ಸೆಲ್. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಹೊರದೇಶದ ಗೆಡ್ಡೆಗೆ ಆಮದು ಪರವಾನಗಿಯೂ ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅದಿಲ್ಲದ ಪಾರ್ಸೆಲ್ ಕಸ್ಟಮ್ಸಿನಲ್ಲೇ ಕೂತರೆ ದುಡ್ಡು ವಾಪಸ್ ಬರುವುದು ಕಷ್ಟ.

ಆ ಮುದ್ದೆ ಹೂವಿನ ಆಸೆಯಷ್ಟೇ ಇದ್ದರೆ ಮಲೆನಾಡಿನ ಮನೆಗಳಲ್ಲಿ ಉತ್ತರ ಆಗಲೇ ಅಟ್ಟದ ಮೇಲಿದೆ: ಡೇರೆ (ಡೇಲಿಯಾ) ಗೆಡ್ಡೆ. ಇದೂ ಹೊರದೇಶದ್ದೇ, ಮೆಕ್ಸಿಕೋದ್ದು, ಆದರೆ ಚಳಿ ಕೇಳುವುದಿಲ್ಲ. ಬೂದಿ, ಮರಳಿನಲ್ಲಿ ಹುದುಗಿಸಿಟ್ಟ ಗೆಡ್ಡೆಯನ್ನು ಮೊದಲ ಮಳೆಗೆ ಏರುಮಡಿಯಲ್ಲಿ ನಾಲ್ಕು ಇಂಚು ಆಳಕ್ಕೆ ಹಾಕಿ. ಕುತ್ತಿಗೆಯಲ್ಲಿ ಕಣ್ಣಿರುವ ಗೆಡ್ಡೆಯೇ ಆಗಬೇಕು. ಕುತ್ತಿಗೆ ಮುರಿದದ್ದು ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ನೆಡುವಾಗಲೇ ಊರುಗೋಲು ನೆಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೆ ತಾಗುತ್ತದೆ. ಮೂರನೇ ಜೊತೆ ಎಲೆ ಬಂದಾಗ ತುದಿ ಚಿವುಟಿ. ದೊಡ್ಡ ಹೂ ಬೇಕಿದ್ದರೆ ದಂಟಿಗೊಂದೇ ಮೊಗ್ಗು ಬಿಡಿ. ಗೌರಿ ಹಬ್ಬದ ಹೊತ್ತಿಗೆ ಊಟದ ತಟ್ಟೆಯಗಲದ ಹೂ. ಪಕ್ಕದ ಮನೆಯವರನ್ನು ಕೇಳಿದರೆ ಗೆಡ್ಡೆ ಪುಕ್ಕಟೆ ಸಿಗುತ್ತದೆ, ಬದಲಿಗೆ ನಿಮ್ಮಲ್ಲಿರುವ ಬಣ್ಣದ್ದೊಂದು ಕೊಟ್ಟರಾಯಿತು.

ಇಷ್ಟಾದ ಮೇಲೂ ಪಿಯೋನಿಯೇ ಬೇಕು ಅನ್ನುವವರು ಸೆಪ್ಟೆಂಬರಿನಲ್ಲೇ ಆರ್ಡರ್ ಹಾಕಿ, ಪಾರ್ಸೆಲ್ ಬಿಚ್ಚುವಾಗ ಕಣ್ಣು ಎಣಿಸುವುದು ಕಾಣುವ ಹಾಗೆ ವಿಡಿಯೋ ಮಾಡಿಟ್ಟುಕೊಳ್ಳಿ. ಮೂರಕ್ಕಿಂತ ಕಡಿಮೆ ಇದ್ದರೆ ಅದೇ ದಿನ ವಾಪಸ್ ಕಳಿಸಿ.